ಮಳೆಹಾನಿ ಸಮೀಕ್ಷೆಗೆ ಹೋಗುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರು ಪೂರ್ವ ತಾಲ್ಲೂಕಿನ ಕೆ.ಆರ್.ಪುರ, ಬಿದರಹಳ್ಳಿ, ವರ್ತೂರು ಹೋಬಳಿಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಎಲ್ಲರೂ ಇದನ್ನು ಪಾಲಿಸತಕ್ಕದ್ದು. ಎಷ್ಟು ಮಿಲಿಮೀಟರ್ ಸುರಿಯಿತು ಎಂಬುದು ಮಳೆಮಾಪಕದಲ್ಲಿ ಸಿಗುತ್ತದೆ. ನೀವು ತರಬೇಕಾದ್ದು ಮನೆಗೆ ಬಿದ್ದ ಪೆಟ್ಟಿನ ಲೆಕ್ಕ.

ಮಾಡಬೇಕಾದ್ದು

1. ಸಾಗುವಳಿ ಮಾಡುವವರನ್ನೇ ಕೇಳಿ. ಪಹಣಿ ಊರಲ್ಲಿಲ್ಲದ ಮಾಲೀಕರ ಹೆಸರಲ್ಲಿದ್ದು, ಉಳುವವರು ವಾರಕ್ಕೋ ಗುತ್ತಿಗೆಗೋ ಮಾಡುತ್ತಿರಬಹುದು. ಪರಿಹಾರ ಪಹಣಿಯ ಹೆಸರಿಗೆ ಹೋದರೂ ಬೀಜ ಗೊಬ್ಬರದ ಸಾಲ ಉಳುವವರ ತಲೆಯ ಮೇಲೇ ಇರುತ್ತದೆ.

2. ರಾಗಿಯ ಕಾಳು, ಹುಲ್ಲು ಎರಡನ್ನೂ ಬೇರೆ ಬೇರೆ ಬರೆಯಿರಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಹುಲ್ಲು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ, ಹಸು ಮೂಸಿ ಮುಖ ತಿರುಗಿಸುತ್ತದೆ. ಮೆದೆಯ ಒಳಗಿನ ಕಂತೆ ಎಳೆದು ನೋಡಿ.

3. ಡೇರಿ ಪುಸ್ತಕ ಕೇಳಿ. ಮಳೆಗೆ ಮುಂಚಿನ ತಿಂಗಳು, ಆಮೇಲಿನ ತಿಂಗಳು ಎಷ್ಟೆಷ್ಟು ಲೀಟರ್ ಹಾಕಿದ್ದಾರೆ ಎಂದು ಗುರುತಿಸಿ.

4. ತಾರೀಖು ನೆನಪಿಲ್ಲದವರಿಗೆ ಹಬ್ಬ ನೆನಪಿಸಿ: ಗೌರಿ ಹಬ್ಬಕ್ಕೆ ಮುಂಚೆಯೋ, ದೀಪಾವಳಿ ಕಳೆದ ಮೇಲೋ?

5. ಹಿಂದಿನ ಪೆಟ್ಟನ್ನೂ ಕೇಳಿ. 2022ರ ಸೆಪ್ಟೆಂಬರ್‌ನಲ್ಲಿ ಈ ಭಾಗ ನೆರೆ ಕಂಡಿತು. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಒಂದರ ಸಾಲ ತೀರುವ ಮೊದಲೇ ಇನ್ನೊಂದು ಬಂತೇ?

6. ಹೆಂಗಸರನ್ನು ಪ್ರತ್ಯೇಕವಾಗಿ ಮಾತಾಡಿಸಿ. ತಪ್ಪಿದ ಕೂಲಿ, ಅಡವಿಟ್ಟ ಒಡವೆ, ಮಾರಿದ ಕುರಿಯ ಲೆಕ್ಕ ಅವರಲ್ಲಿರುತ್ತದೆ.

ಮಾಡಬಾರದ್ದು

1. ಹಾನಿ ಶೇ 33ಕ್ಕಿಂತ ಕಡಿಮೆ ಎಂದು ಮನೆ ಬಿಡಬಾರದು. 2022–26ರ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದವರಿಗೆ ಮಾತ್ರ ಪರಿಹಾರವಿತ್ತು: ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ಎಕರೆಗೆ ಸುಮಾರು 3,440, ಅದೂ 2 ಹೆಕ್ಟೇರ್‌ವರೆಗೆ. ಶೇ 30 ಕಳೆದುಕೊಂಡವರಿಗೂ ನಷ್ಟ ನಷ್ಟವೇ.

2. ಟಾರು ರಸ್ತೆಯ ಪಕ್ಕದ ಮನೆಗಳಲ್ಲೇ ಕೆಲಸ ಮುಗಿಸಬಾರದು. ಕೆರೆಯ ಕೆಳಗಿನ, ಊರಾಚೆಯ ಮನೆಗಳಿಗೆ ಮೊದಲು ಹೋಗಿ.

3. ಪರಿಹಾರ ಕೊಡಿಸುತ್ತೇವೆ ಎನ್ನಕೂಡದು. ಬ್ಯಾಂಕ್ ವಿವರ, ಒಟಿಪಿ ಕೇಳಲೇಕೂಡದು.

4. ಉತ್ತರ ಸಿಗದ ಕಾಲಂನಲ್ಲಿ ಸೊನ್ನೆ ಹಾಕಬಾರದು. ಸೊನ್ನೆ ಎಂದರೆ ನಷ್ಟವಿಲ್ಲ ಎಂದಾಗುತ್ತದೆ. ‘ತಿಳಿದಿಲ್ಲ’ ಎಂದೇ ಬರೆಯಿರಿ.

5. ಪಕ್ಕದ ಮನೆಯವರು ಹೇಳಿದ್ದನ್ನು ಬೀಗ ಹಾಕಿದ ಮನೆಯ ಲೆಕ್ಕಕ್ಕೆ ಬರೆಯಬಾರದು.

ಕೂತಲ್ಲೇ ಅಂದಾಜಿಗೆ ತುಂಬಿದ ನಮೂನೆಗಳನ್ನು ಸ್ವೀಕರಿಸುವುದಿಲ್ಲ. ಅಂಥ ಪ್ರತಿ ಮನೆಗೂ ತುಂಬಿದವರೇ ಮತ್ತೆ ಹೋಗಬೇಕು.