ಕೊಬ್ಬರಿ ಮಂಡಿಯ ಲೆಕ್ಕಕ್ಕೆ ಒಂದೇ ಹಾಳೆ ಸಾಲದೇ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿ ಇದೆ. ರೈತರ ಹೆಸರು, ಊರು, ಚೀಲ, ತೂಕ, ದರ, ಮುಂಗಡ ಎಲ್ಲವೂ ಒಂದೇ ಎಕ್ಸೆಲ್ ಹಾಳೆಯಲ್ಲಿವೆ. ಬಿಸಿಎ ಓದುತ್ತಿರುವ ಮಗಳು ಇದನ್ನು ನಾಲ್ಕೈದು ಟೇಬಲ್ ಮಾಡಬೇಕು ಎನ್ನುತ್ತಾಳೆ. ಅವಳ ಮೇಷ್ಟ್ರು ಡೇಟಾಬೇಸ್ ಪಾಠವನ್ನು ಇನ್ನೂ ಕಾಗದದ ಮೇಲೇ ಮಾಡಿಸುತ್ತಿದ್ದಾರಂತೆ. ಒಂದೆಡೆ ಇರುವುದನ್ನು ಒಡೆದರೆ ಗೊಂದಲ ಹೆಚ್ಚುವುದಿಲ್ಲವೇ?

ಉತ್ತರ: ಎಲ್ಲವೂ ಕಣ್ಣೆದುರು ಒಂದೇ ಕಡೆ ಇದ್ದರೆ ಅನುಕೂಲ ಎನ್ನಿಸುವುದು ಸಹಜ. ನೋಡುವುದಕ್ಕೆ ಅದು ಅನುಕೂಲವೇ. ತೊಂದರೆ ಬರುವುದು ಬರೆಯುವಾಗ, ತಿದ್ದುವಾಗ.

ನೊಣವಿನಕೆರೆಯ ಶಿವಣ್ಣ ಎಂಬ ರೈತರು ವರ್ಷಕ್ಕೆ ಮೂರು ಸಲ ಕೊಬ್ಬರಿ ತರುತ್ತಾರೆ ಎಂದುಕೊಳ್ಳಿ. ಅವರ ಊರು, ಫೋನ್ ನಂಬರು ಮೂರು ಸಾಲಿನಲ್ಲಿ ಕೂರುತ್ತವೆ. ನಂಬರು ಬದಲಾದಾಗ ಒಂದು ಸಾಲನ್ನು ಮಾತ್ರ ತಿದ್ದಿದರೆ, ಮುಂದಿನ ವರ್ಷ ಯಾವುದು ಸರಿ ಎಂದು ಹೇಳುವವರಿಲ್ಲ. ಅದೇ ಊರಿನಲ್ಲಿ ಇನ್ನೊಬ್ಬ ಶಿವಣ್ಣ ಇದ್ದರಂತೂ ಒಬ್ಬರ ಮುಂಗಡ ಇನ್ನೊಬ್ಬರ ಪಟ್ಟಿಯಲ್ಲಿ ಕಡಿತವಾಗಬಹುದು. ನಿಮಗೆ ಮುಖ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಇನ್ನೊಂದು ತೊಡಕು ನಿಮ್ಮ ವ್ಯಾಪಾರದ್ದೇ. ಉಂಡೆ ಕೊಬ್ಬರಿಯಾಗಲು ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಇರಬೇಕು. ಹೊಸ ರೈತರೊಬ್ಬರು ಇಂದು ಮುಂಗಡ ಪಡೆದರೆ ಅವರ ಕೊಬ್ಬರಿ ಬರುವುದು ಎಷ್ಟೋ ತಿಂಗಳ ಮೇಲೆ. ಮಾರಾಟದ ಹಾಳೆಯಲ್ಲಿ ಅವರನ್ನು ಎಲ್ಲಿ ಬರೆಯುತ್ತೀರಿ? ಚೀಲ, ತೂಕ, ದರ ಎಲ್ಲವನ್ನೂ ಖಾಲಿ ಬಿಟ್ಟು ಒಂದು ಸಾಲು ಹಾಕಬೇಕಾಗುತ್ತದೆ.

ಆದ್ದರಿಂದ ಒಂದು ಟೇಬಲ್ ಒಂದೇ ವಿಷಯವನ್ನು ಹೇಳಬೇಕು: ರೈತರದ್ದು ಒಂದು, ಮುಂಗಡದ್ದು ಒಂದು, ರೈತರು ಒಮ್ಮೆಗೆ ತರುವ ಸರಕು, ಅಂದರೆ ಲಾಟಿನದ್ದು ಒಂದು, ಖರೀದಿದಾರರದ್ದು ಒಂದು, ಮಾರಾಟದ್ದು ಒಂದು. ದರ ಒಪ್ಪದೆ ರೈತರು ಮಾರದೇ ಉಳಿಸಿಕೊಳ್ಳುವ ಲಾಟೂ ಇರುತ್ತದಲ್ಲ, ಅದಕ್ಕೇ ಲಾಟು ಬೇರೆ, ಮಾರಾಟ ಬೇರೆ. ಪ್ರತಿ ರೈತರಿಗೂ ಪ್ರತಿ ಲಾಟಿಗೂ ಒಂದು ಸಂಖ್ಯೆ ಕೊಟ್ಟರೆ, ಬೇಕೆಂದಾಗ ಆ ಸಂಖ್ಯೆಗಳ ಮೂಲಕ ಎಲ್ಲವನ್ನೂ ಕೂಡಿಸಿ ನೀವು ಈಗ ನೋಡುತ್ತಿರುವ ಹಾಳೆಯನ್ನೇ ತೆಗೆಯಬಹುದು. ರೋಕಡಿಯಲ್ಲಿ ಖಾತೆ ಪುಸ್ತಕದ ಪುಟಸಂಖ್ಯೆ ಬರೆಯುತ್ತಿದ್ದ ಹಳೆಯ ಗುಮಾಸ್ತರ ಪದ್ಧತಿಗೆ ಇದು ಹತ್ತಿರ. ಟೇಬಲ್‌ಗಳನ್ನು ಹೀಗೆ ಜೋಡಿಸುವ ವಿಧಾನವನ್ನು ಗಣಿತದ ಕ್ರಮದಲ್ಲಿ ನಿರೂಪಿಸಿದವರು ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್, 1970ರಲ್ಲಿ. ಎಪಿಎಂಸಿಯ ಆನ್‌ಲೈನ್ ಟೆಂಡರಿನಲ್ಲಿ ಲಾಟ್ ಸಂಖ್ಯೆ ಇರುವುದೂ, ಬೆಂಬಲ ಬೆಲೆಗೆ ಕೊಬ್ಬರಿ ಕೊಡುವಾಗ ರೈತರಿಂದ ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಕೇಳುವುದೂ ಒಂದನ್ನು ಇನ್ನೊಂದರೊಂದಿಗೆ ಬೆರೆಸದೆ ಗುರುತಿಸಲಿಕ್ಕೇ.

ಇಲ್ಲಿ ಕಲಿಯುವವರೆಲ್ಲ ಎಡವುವ ಒಂದು ಜಾಗವಿದೆ. ‘ಒಂದು ಮಾಹಿತಿಯನ್ನು ಎರಡು ಕಡೆ ಬರೆಯಬೇಡಿ’ ಎಂದು ಕಲಿಸಿದ ಕೂಡಲೇ ವಿದ್ಯಾರ್ಥಿಗಳು ದರವನ್ನೂ ಮಾರಾಟದಿಂದ ಕಿತ್ತು ‘ಇಂದಿನ ದರ’ ಎಂಬ ಟೇಬಲ್ಲಿಗೆ ಹಾಕಿಬಿಡುತ್ತಾರೆ. ನಾಳೆ ಆ ದರ ತಿದ್ದಿದರೆ ಹೋದ ತಿಂಗಳ ಪಟ್ಟಿಗಳ ಮೊತ್ತವೂ ಬದಲಾಗುತ್ತದೆ! ಮಾರುಕಟ್ಟೆಯ ಇಂದಿನ ದರ ಒಂದು ಸಂಗತಿ, ಆ ಲಾಟು ಅಂದು ಮಾರಾಟವಾದ ದರ ಇನ್ನೊಂದು. ಅಂಕಿ ಒಂದೇ ಇದ್ದರೂ ಅದು ಪುನರಾವರ್ತನೆಯಲ್ಲ, ಮಾರಾಟದ ಸಾಲಿನಲ್ಲೇ ಉಳಿಯಬೇಕು.

ರೈತರ ಜಮೀನಿನ ವಿವರವನ್ನೂ ಸೇರಿಸುವುದಾದರೆ ಜಂಟಿ ಪಹಣಿಯ ವಿಷಯವನ್ನೂ ಮಗಳ ಮುಂದಿಡಿ. ಒಂದು ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಹೆಸರು, ಒಬ್ಬರ ಹೆಸರಿನಲ್ಲಿ ಹಲವು ಸರ್ವೆ ನಂಬರು. ರೈತರ ಮತ್ತು ಜಮೀನಿನ ನಡುವೆ ಮೂರನೆಯ ಟೇಬಲ್ ಯಾಕೆ ಬೇಕು ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ತೋರಿಸಲಾರದು.

ಇವೆಲ್ಲವೂ ವ್ಯಾಪಾರವನ್ನು ಅರಿತು ಕೇಳಬೇಕಾದ ಪ್ರಶ್ನೆಗಳು. ಇವುಗಳಿಗೆ ಯಂತ್ರ ಬೇಕಿಲ್ಲ. ಮೇಷ್ಟ್ರು ಕಾಗದದಿಂದ ಆರಂಭಿಸಿದ್ದು ಸರಿಯಾಗಿಯೇ ಇದೆ. ಸಾಲುಗಳು ತುಂಬಿದ ಮೇಲೆ ಟೇಬಲ್ಲಿನ ರಚನೆ ಬದಲಿಸುವುದು ಬಲು ಕಷ್ಟ.

ನಿಮ್ಮಿಂದ ಆಗಬೇಕಾದ ಸಹಾಯ ಇಷ್ಟು. ಒಂದು ವರ್ಷದ ಹಳೆಯ ಪಟ್ಟಿಗಳನ್ನು ಮಗಳ ಕೈಗೆ ಕೊಡಿ. ಅವಳು ಬರೆದ ನಕ್ಷೆಯನ್ನು ನಿಮ್ಮ ಗುಮಾಸ್ತರ ಮುಂದಿಟ್ಟು, ಕೊಬ್ಬರಿ ತರದೇ ಮುಂಗಡ ಪಡೆದವರು, ಮಾರದೇ ಉಳಿದ ಲಾಟು, ಒಂದೇ ಹೆಸರಿನ ಇಬ್ಬರು ಇದರಲ್ಲಿ ಎಲ್ಲಿ ಬರುತ್ತಾರೆ ಎಂದು ಕೇಳಿ. ಮೂರಕ್ಕೂ ಜಾಗ ಸಿಕ್ಕ ಮೇಲೆ ಕಂಪ್ಯೂಟರಿಗೆ ಏರಿಸಿ. ಅಲ್ಲಿಯವರೆಗೆ ನಿಮ್ಮ ಎಕ್ಸೆಲ್ ಹಾಳೆಯನ್ನು ಅಳಿಸಬೇಡಿ.