ಕಡಲು ಕಡೆದ ಕಂಬಗಳು

ಆಸ್ಟ್ರೇಲಿಯಾ ಖಂಡದ ದಕ್ಷಿಣದಂಚಿನಲ್ಲಿ, ವಿಕ್ಟೋರಿಯಾ ರಾಜ್ಯದ ಪೋರ್ಟ್ ಕ್ಯಾಂಬೆಲ್ ಎಂಬ ಊರಿನ ಸಮೀಪದಲ್ಲಿ, ಕಡಲಿನೊಳಗಿಂದ ನೆಟ್ಟನೆ ಎದ್ದುನಿಂತ ಸುಣ್ಣಕಲ್ಲಿನ ಕಂಬಗಳಿವೆ. ಇವುಗಳಲ್ಲಿ ಎತ್ತರವಾದುದು ಸುಮಾರು 45 ಮೀಟರು. 'ಟ್ವೆಲ್ವ್ ಅಪಾಸಲ್ಸ್', ಎಂದರೆ ಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರು, ಎಂಬುದು ಇವುಗಳ ಹೆಸರು. ಎಣಿಸಹೊರಟವರಿಗೆ ನಿರಾಶೆ ಕಾದಿದೆ. ಈ ಹೆಸರು ರೂಢಿಗೆ ಬಂದಾಗಲೂ ಹನ್ನೆರಡು ಕಂಬಗಳಿರಲಿಲ್ಲ. ಹಿಂದೆ ಇವುಗಳನ್ನು 'ಹಂದಿ ಮತ್ತು ಮರಿಗಳು' ಎಂದು ಕರೆಯುತ್ತಿದ್ದರಂತೆ. ಪ್ರವಾಸಿಗಳಿಗೆ ಹೆಚ್ಚು ಗೌರವದ ಹೆಸರೇ ರುಚಿಸಿತೆಂದು ತೋರುತ್ತದೆ.

ದಂಡೆಯ ಮೇಲೆ ನಿಂತಾಗ ನನ್ನ ಗಮನವನ್ನು ಸೆಳೆದುದು ಕಂಬಗಳ ಮೈಮೇಲಿನ ಅಡ್ಡಪಟ್ಟೆಗಳು. ಹಿಂದಿರುವ ಕಡಿಬಂಡೆಯಲ್ಲಿಯೂ ಅದೇ ಪಟ್ಟೆಗಳು ಅದೇ ಕ್ರಮದಲ್ಲಿ ಕಾಣುವುವು. ಕಂಬವೂ ದಂಡೆಯೂ ಒಂದು ಕಾಲದಲ್ಲಿ ಒಂದೇ ನೆಲವಾಗಿದ್ದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಸುಮಾರು ಒಂದೂವರೆ ಕೋಟಿಯಿಂದ ಅರ್ಧ ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಸಮುದ್ರತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಪದರಪದರವಾಗಿ ಸಂಚಯಗೊಂಡು ಆದ ಕಲ್ಲಿದು. ಕಡಲು ತಾನೇ ಕಟ್ಟಿದ್ದನ್ನು ಈಗ ತಾನೇ ಕೆಡವುತ್ತಿದೆ.

ಆದರೆ ದಂಡೆಯನ್ನೆಲ್ಲ ಸಮನಾಗಿ ಸವೆಸದೆ ಕಂಬಗಳನ್ನೇಕೆ ಉಳಿಸಿತು? ಆಳವಿಲ್ಲದ ನೀರಿನಲ್ಲಿ ಅಲೆಯ ವೇಗವು ಆಳವನ್ನು ಅನುಸರಿಸುತ್ತದೆ: ಆಳ 10 ಮೀಟರು ಇದ್ದಲ್ಲಿ ಸೆಕೆಂಡಿಗೆ ಸುಮಾರು 10 ಮೀಟರು, ಎರಡೂವರೆ ಮೀಟರು ಇದ್ದಲ್ಲಿ ಅದರರ್ಧ. ಚಾಚಿಕೊಂಡ ಭೂಶಿರದ ಮುಂದೆ ನೀರಿನ ಆಳ ಕಡಮೆ. ಆದುದರಿಂದ ಅಲೆಯ ಆ ಭಾಗ ಹಿಂದೆ ಬೀಳುತ್ತದೆ, ಪಕ್ಕದ ಭಾಗಗಳು ಮುಂದೊತ್ತುತ್ತವೆ. ಒಂದು ಗಾಲಿ ಕೆಸರಿಗಿಳಿದರೆ ಬಂಡಿ ಆ ಕಡೆಗೇ ತಿರುಗುವುದನ್ನು ವಾಚಕರು ಕಂಡಿರಬಹುದು. ಅಂತೆಯೇ ಅಲೆಯೂ ಭೂಶಿರದ ಕಡೆಗೆ ಬಾಗಿ, ಅದನ್ನು ಎರಡು ಮಗ್ಗುಲುಗಳಿಂದಲೂ ಬಡಿಯುತ್ತದೆ. ಇದೇ ಅಲೆಗಳ ವಕ್ರೀಭವನ. ದಕ್ಷಿಣ ಮಹಾಸಾಗರದಿಂದ ಬರುವ 3 ಮೀಟರು ಎತ್ತರದ, 12 ಸೆಕೆಂಡಿಗೊಮ್ಮೆ ಬರುವ ಅಲೆಗಳನ್ನು ಊಹಿಸಿಕೊಂಡರೆ, ದಂಡೆಯ ಒಂದೊಂದು ಮೀಟರು ಉದ್ದಕ್ಕೂ ಸುಮಾರು 100 ಕಿಲೋವಾಟ್ ಸಾಮರ್ಥ್ಯ ಬಂದೊದಗುವುದು. ಬಿರುಕುಗಳಲ್ಲಿ ಸಿಕ್ಕ ಗಾಳಿ ಪ್ರತಿ ಹೊಡೆತಕ್ಕೂ ಒತ್ತಲ್ಪಟ್ಟು, ನೀರು ಹಿಂಜರಿದೊಡನೆ ಹಿಗ್ಗಿ, ಬೆಣೆಯಂತೆ ಕಲ್ಲನ್ನು ಸೀಳುತ್ತದೆ. ಎರಡು ಮಗ್ಗುಲಿನ ಗವಿಗಳು ಒಂದನ್ನೊಂದು ಸಂಧಿಸಿದಾಗ ಕಮಾನು. ಕಮಾನು ಬಿದ್ದಾಗ ಒಂಟಿ ಕಂಬ.

ಕಮಾನು ಬೀಳುವುದೇಕೆ? ತರಗತಿಯಲ್ಲಿ ನಾನು ಸೀಮೆಸುಣ್ಣದ ಕಡ್ಡಿಯೊಂದನ್ನು ಕೊಟ್ಟು, ಮೊದಲು ಉದ್ದಕ್ಕೆ ಒತ್ತಿರಿ, ಅನಂತರ ಬಾಗಿಸಿರಿ ಎನ್ನುವುದುಂಟು. ಮೊದಲನೆಯದನ್ನು ಅದು ತಾಳುತ್ತದೆ. ಎರಡನೆಯದಕ್ಕೆ ಲಟಕ್ಕನೆ ಮುರಿಯುತ್ತದೆ. ಸುಣ್ಣಕಲ್ಲಿನ ಸ್ವಭಾವವೂ ಇದೇ: ಒತ್ತಡವನ್ನು ಸಹಿಸೀತು, ಎಳೆತವನ್ನು ಸಹಿಸದು. ಅಲೆಗಳು ಕಾಲುಗಳನ್ನು ಕೊರೆದಂತೆಲ್ಲ ಮೇಲಿನ ಕಲ್ಲು ತೊಲೆಯಂತಾಗಿ ತನ್ನ ಭಾರಕ್ಕೆ ತಾನೇ ಬಾಗಿ, ಅದರ ಕೆಳಮೈಯಲ್ಲಿ ಎಳೆತವುಂಟಾಗುತ್ತದೆ. ದಪ್ಪ ಬದಲಾಗದೆ ಅಂತರ ಇಮ್ಮಡಿಯಾದರೆ ಎಳೆತ ನಾಲ್ಮಡಿಯಾಗುವುದು.

ಇಲ್ಲಿಗೆ ಸಮೀಪದಲ್ಲಿಯೇ 'ಲಂಡನ್ ಬ್ರಿಡ್ಜ್' ಎಂಬ ಎರಡು ಕಮಾನುಗಳ ಬಂಡೆಯೊಂದಿತ್ತು. ಜನರು ಅದರ ಮೇಲೆ ನಡೆದು ತುದಿಯವರೆಗೂ ಹೋಗುತ್ತಿದ್ದರು. 1990ರ ಜನವರಿ 15ರಂದು, ಇಬ್ಬರು ತುದಿಯಲ್ಲಿದ್ದಾಗ, ದಡದ ಕಡೆಯ ಕಮಾನು ಕುಸಿದು ನೀರು ಪಾಲಾಯಿತು. ಕಡಲ ನಡುವೆ ಸಿಕ್ಕಿಕೊಂಡ ಆ ಇಬ್ಬರನ್ನು ಹೆಲಿಕಾಪ್ಟರು ಕರೆತಂದಿತು. ಯಾರಿಗೂ ಗಾಯವಾಗಲಿಲ್ಲ, ಕೆಲವು ನಿಮಿಷ ಹಿಂದುಮುಂದಾಗಿದ್ದರೆ ಬೇರೆಯೇ ಕಥೆಯಾಗುತ್ತಿತ್ತು.

ಕಂಬಗಳ ಬುಡ ವರ್ಷಕ್ಕೆ ಸುಮಾರು 2 ಸೆಂಟಿಮೀಟರು ಸವೆಯುವುದೆಂದು ಹೇಳುವರು. ಇಂಥ ಸರಾಸರಿಯನ್ನು ನಾನು ಅಷ್ಟಾಗಿ ನಂಬುವವನಲ್ಲ. ಸವೆತ ನಿಧಾನವಾದರೂ ಪತನ ಕ್ಷಣಮಾತ್ರದ್ದು. 2005ರ ಜುಲೈ 3ರಂದು ಶಿಷ್ಯರಲ್ಲೊಬ್ಬನು ಕೆಲವೇ ಕ್ಷಣಗಳಲ್ಲಿ ಕಲ್ಲುರಾಶಿಯಾದನು. 2009ರಲ್ಲಿ ಲಾಕ್ ಆರ್ಡ್ ಕಮರಿಯ ದ್ವೀಪದ ಕಮಾನು ಬಿದ್ದು, ಎರಡು ಕಂಬಗಳು ಉಳಿದುವು. 1878ರಲ್ಲಿ ಅಲ್ಲಿ ಒಡೆದ 'ಲಾಕ್ ಆರ್ಡ್' ಹಡಗಿನಿಂದ ಬದುಕಿ ಬಂದವರು ಇಬ್ಬರೇ, ಟಾಮ್ ಮತ್ತು ಈವಾ. ಆ ಕಂಬಗಳಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ನಾನು ಹಿಂದಿರುಗುವಾಗ ಯುವಕನೊಬ್ಬನು ಬೇಲಿ ದಾಟಿ ಬಂಡೆಯ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದನು. ಅವನ ಕಾಲಡಿಯ ಕಲ್ಲು ಎಷ್ಟು ಟೊಳ್ಳಾಗಿತ್ತೆಂಬುದು ಮೇಲಿನಿಂದ ಅವನಿಗೆ ಕಾಣುವಂತಿರಲಿಲ್ಲ.