ಕ್ರೀಡಾ ಕೀಲಿಮಣೆ: ರಚನೆ ಮತ್ತು ಸಂಪರ್ಕ

ಗಣಕಯಂತ್ರದ ವೇಗದ ಆಟಗಳಿಗಾಗಿ ರೂಪುಗೊಂಡ ಕೀಲಿಮಣೆಯನ್ನು ಕೇವಲ ವಿನೋದದ ಸಾಧನವೆಂದು ಭಾವಿಸುವುದು ವಾಡಿಕೆ. ಅದರ ರಚನೆಯನ್ನು ಅರಿತರೆ, ವಿದ್ಯಾಶಾಲೆಗೂ ಅದು ಎಷ್ಟು ಉಪಯುಕ್ತವೆಂಬುದು ಮನದಟ್ಟಾಗುತ್ತದೆ.

ಅಗ್ಗದ ಮಣೆಗಳಲ್ಲಿ ಸಾಮಾನ್ಯವಾಗಿ ಕೀಲಿಗಳೆಲ್ಲದರ ಅಡಿಯಲ್ಲಿ ರಬ್ಬರಿನ ಒಂದೇ ಹಾಳೆ ಇರುತ್ತದೆ. ಉತ್ತಮ ಕ್ರೀಡಾಮಣೆಗಳಲ್ಲಾದರೋ ಪ್ರತಿಯೊಂದು ಕೀಲಿಗೂ ಸ್ಪ್ರಿಂಗ್ ಉಳ್ಳ ಪ್ರತ್ಯೇಕ ಸ್ವಿಚ್ಚು ಇರುವುದುಂಟು. ಚೆರ್ರಿ ಎಂಎಕ್ಸ್ ಕೆಂಪು ಸ್ವಿಚ್ಚಿನ ಒಟ್ಟು ಚಲನೆ 4 ಮಿ.ಮೀ.; ಕೀಲಿ 2 ಮಿ.ಮೀ. ಇಳಿದೊಡನೆಯೇ ಸಂಪರ್ಕ ಏರ್ಪಡುತ್ತದೆ. ತಳಮುಟ್ಟ ಒತ್ತಬೇಕಾಗಿಲ್ಲವಾದ್ದರಿಂದ ಬೆರಳಿಗೆ ಶ್ರಮ ಕಡಿಮೆ.

104 ಕೀಲಿಗಳಿಗೆ 104 ತಂತಿಗಳನ್ನು ಎಳೆಯುವುದು ದುಬಾರಿ. 6 ಅಡ್ಡಸಾಲು ಮತ್ತು 18 ಕಂಬಸಾಲುಗಳ ಜಾಲವನ್ನು ಹೆಣೆದರೆ 24 ತಂತಿಗಳಿಂದಲೇ 108 ಸಂಧಿಸ್ಥಾನಗಳು ದೊರೆಯುತ್ತವೆ. ಆದರೆ ಈ ಮಿತವ್ಯಯದಲ್ಲಿ ಒಂದು ದೋಷವುಂಟು. ಜಾಲದ ಒಂದು ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಮ್ಮೆಗೇ ಒತ್ತಿದಾಗ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಇದಕ್ಕೆ ಅಂಜಿ ಅಗ್ಗದ ಮಣೆಗಳು ಮೂರನೆಯ ಕೀಲಿಯನ್ನೇ ಅಲಕ್ಷಿಸುವುದುಂಟು. ಪ್ರತಿ ಕೀಲಿಗೂ ಒಂದು ಡಯೋಡ್ ಜೋಡಿಸಿದರೆ ಹಿಮ್ಮುಖ ಹರಿವು ನಿಂತು ದೋಷ ನಿವಾರಣೆಯಾಗುತ್ತದೆ.

ಇನ್ನು ಸಂಪರ್ಕದ ವಿಚಾರ. ಯು.ಎಸ್.ಬಿ. ತಂತಿಯ ಮೂಲಕ ಸೆಕೆಂಡಿಗೆ 125 ಬಾರಿ ವಿಚಾರಣೆ ನಡೆದರೆ ಎರಡು ವಿಚಾರಣೆಗಳ ನಡುವಣ ಅಂತರ 8 ಮಿಲಿಸೆಕೆಂಡು. 1000 ಬಾರಿ ನಡೆದರೆ 1 ಮಿಲಿಸೆಕೆಂಡು. ತಂತಿರಹಿತ ಮಣೆಗಳು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳನ್ನು ಬಳಸುತ್ತವೆ. ಬ್ಲೂಟೂತ್ ಕೂಡ ಅದೇ ಪಟ್ಟಿಯದು. ಇವುಗಳಿಗೆ ಬ್ಯಾಟರಿಯ ಪೋಷಣೆ ಅಗತ್ಯ. ಶಾಲೆಗೆ ತಂತಿಯೇ ಲೇಸು.

ಈ ಗುಣಗಳ ನಿಜವಾದ ಬೆಲೆ ಅಂಧ ವಿದ್ಯಾರ್ಥಿಯ ಕೈಯಲ್ಲಿ ಪ್ರಕಟವಾಗುತ್ತದೆ. ತಕ್ಕ ತಂತ್ರಾಂಶವಿದ್ದರೆ ಎಫ್, ಡಿ, ಎಸ್, ಜೆ, ಕೆ, ಎಲ್ ಎಂಬ ಆರು ಕೀಲಿಗಳೇ ಬ್ರೈಲ್‌ನ ಆರು ಚುಕ್ಕಿಗಳಾಗುತ್ತವೆ. ಕನ್ನಡ ಬ್ರೈಲ್‌ನಲ್ಲಿ 'ಢ' ಕಾರಕ್ಕೆ ಆರನ್ನೂ ಒಟ್ಟಿಗೆ ಒತ್ತಬೇಕು. ಮಣೆಯು ಮೊದಲ ಚುಕ್ಕಿಯನ್ನು ಕೈಬಿಟ್ಟರೆ ಅದೇ ಅಕ್ಷರ 'ಟ' ಆಗುತ್ತದೆ. ತಪ್ಪು ಯಂತ್ರದ್ದು, ಅಂಕ ಕಳೆದುಕೊಳ್ಳುವವನು ವಿದ್ಯಾರ್ಥಿ.

ಆದುದರಿಂದ ಶಾಲೆಗೆ ಮಣೆಗಳನ್ನು ಕೊಳ್ಳುವವರೂ ಕೊಡುವವರೂ ಬಣ್ಣದ ದೀಪಗಳ ಬೆಡಗಿಗೆ ಮಾರುಹೋಗದೆ, ಈ ಆರು ಕೀಲಿಗಳನ್ನು ಏಕಕಾಲದಲ್ಲಿ ಒತ್ತಿ ಪರೀಕ್ಷಿಸುವುದು ಉಚಿತ. ಆರೂ ದಾಖಲಾದರೆ ಮಣೆ ಈ ಕಾರ್ಯಕ್ಕೆ ಯೋಗ್ಯ. ಇದಕ್ಕೆ ಬೇಕಾದುದು ಕ್ಷಣಮಾತ್ರದ ತಾಳ್ಮೆಯಷ್ಟೇ.